ಹಳೆಯ ಶಾಸನ ಟಿಪ್ಪಣಿಗಳ ವರ್ಚುವಲ್ ಮಷೀನನ್ನು ಹೊಸ ಕಂಪ್ಯೂಟರಿಗೆ ತಂದ ಬಗೆ

ಶಾಸನಗಳ ನಡುವೆ ಈ ಕಂಪ್ಯೂಟರ್ ಪುರಾಣ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳದ್ದು. ಅದನ್ನು ಹಿಡಿದು ಊರೂರು ಸುತ್ತಿ ಮಾಡಿಕೊಂಡ ನನ್ನ ಟಿಪ್ಪಣಿಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿವೆ, ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೊಜಲು. ಕೆಲವು ವೀರಗಲ್ಲುಗಳ ಅಕ್ಷರ ಈಗ ಇನ್ನಷ್ಟು ಸವೆದಿವೆ. ನಾನು ಅಂದು ಓದಿದ ಪಾಠ ಉಳಿದಿರೋದು ಅಲ್ಲಿ ಮಾತ್ರ. ಅದಕ್ಕೇ ವಿಂಡೋಸ್ ಎಕ್ಸ್‌ಪಿ, ನುಡಿ, ಟಿಪ್ಪಣಿ ಮೂರನ್ನೂ ವಿಎಂವೇರ್‌ನ ಒಂದು ವರ್ಚುವಲ್ ಮಷೀನಿನಲ್ಲಿ ಇಟ್ಟಿದ್ದೆ. ಸೋಗಾನೆಯ ಮನೆಯಲ್ಲಿದ್ದ ಆ ಲ್ಯಾಪ್‌ಟಾಪ್ ಈಚೆಗೆ ಕೈಕೊಡಲು ಶುರುಮಾಡಿತು. ಹೊಸ ಕಂಪ್ಯೂಟರಿನಲ್ಲಿರೋದು ಲಿನಕ್ಸ್, ಕೆವಿಎಂ.

ವರ್ಚುವಲ್ ಮಷೀನಿನ ಹಾರ್ಡ್ ಡಿಸ್ಕ್ ಅಂದ್ರೆ ನಿಜಕ್ಕೂ ಒಂದು ಫೈಲ್. ವಿಎಂವೇರ್‌ನದು ವಿಎಂಡಿಕೆ, ವರ್ಚುವಲ್‌ಬಾಕ್ಸ್‌ನದು ವಿಡಿಐ, ಹೈಪರ್-ವಿಯದು ವಿಎಚ್‌ಡಿಎಕ್ಸ್, ಕೆವಿಎಂನದು ಸಾಮಾನ್ಯವಾಗಿ ಕ್ಯೂಕೌ2. ಒಳಗಿನ ಮಾಹಿತಿ ಅದೇ; ಯಾವ ತುಣುಕು ಎಲ್ಲಿದೆ ಎಂದು ಹೇಳುವ ಸೂಚಿ ಬೇರೆ. ಒಂದೇ ಪಾಠವನ್ನು ಕಲ್ಲಿನಲ್ಲೂ ತಾಮ್ರಪಟದಲ್ಲೂ ಕೊರೆದ ಹಾಗೆ.

ನಾನು ಅನುಸರಿಸಿದ ಕ್ರಮ ಇದು:

1. ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿ, ಸಸ್ಪೆಂಡ್ ಸಾಲದು. ಸ್ನ್ಯಾಪ್‌ಶಾಟ್ ಇದ್ದರೆ ವಿಎಂವೇರ್‌ನಲ್ಲೇ ವಿಲೀನ ಮಾಡಿ. ಇಲ್ಲದಿದ್ದರೆ ಮೂಲ ಫೈಲಿನಲ್ಲಿ ಹಳೆಯ ಸ್ಥಿತಿ ಮಾತ್ರ ಸಿಗುತ್ತದೆ.

2. ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಕೆಲಸ ನಕಲಿನ ಮೇಲೆ.

3. ಕ್ಯೂಎಮು-ಇಮೇಜ್ ಉಪಕರಣದ 'ಕನ್ವರ್ಟ್' ಆಜ್ಞೆಗೆ ಮೂಲದ ರೂಪ, ಬೇಕಾದ ರೂಪ ಎರಡನ್ನೂ ತಿಳಿಸಿ. ಡಿಸ್ಕ್ ಹಲವು ತುಂಡುಗಳಾಗಿದ್ದರೆ ತುಂಡುಗಳನ್ನಲ್ಲ, ಅವುಗಳ ವಿವರ ಇರುವ ಚಿಕ್ಕ ವಿಎಂಡಿಕೆಯನ್ನು ಕೊಡಿ.

4. ಬೂಟ್ ಮಾಡುವ ಮೊದಲೇ 'ಕಂಪೇರ್' ಆಜ್ಞೆಯಿಂದ ಎರಡನ್ನೂ ತಾಳೆ ನೋಡಿ. ಒಮ್ಮೆ ಬೂಟ್ ಆದರೆ ಎಕ್ಸ್‌ಪಿ ಡಿಸ್ಕಿಗೆ ಏನಾದರೂ ಬರೆದೇ ಬರೆಯುತ್ತದೆ, ತಾಳೆ ತಪ್ಪುತ್ತದೆ.

ನಾನು ಎಡವಿದ್ದು ಇದರ ನಂತರ. ವೇಗ ಸಿಗಲಿ ಅಂತ ಡಿಸ್ಕನ್ನು ವರ್ಟ್‌ಐಒ ಎಂದು ಜೋಡಿಸಿದೆ. ನೀಲಿ ಪರದೆ, ಸ್ಟಾಪ್ 7ಬಿ! ಎದೆ ಧಸಕ್ಕೆಂದಿತು. ಫೈಲ್ ಕೆಟ್ಟಿರಲಿಲ್ಲ, ಎಕ್ಸ್‌ಪಿಯಲ್ಲಿ ಆ ಡ್ರೈವರ್ ಇರಲಿಲ್ಲ, ಅಷ್ಟೆ. ಹಳೆಯದರಲ್ಲಿದ್ದಂತೆ ಐಡಿಇ ಮಾಡಿದೆ, ಬೂಟ್ ಆಯಿತು. ಆದ್ದರಿಂದ ಪರದೆ ನೀಲಿಯಾದ ತಕ್ಷಣ ಮೂಲವನ್ನು ಅಳಿಸಿ ಮತ್ತೆ ಶುರುಮಾಡಬೇಡಿ.

ಡಿಸ್ಕಿನ ರೂಪ ಬದಲಾಯಿತು, ಅಕ್ಷರಗಳು ಇನ್ನೂ ಹಳೆಯ ನುಡಿಯಲ್ಲೇ ಇವೆ. ಈಗ ಒಂದೊಂದೇ ಪಾಠವನ್ನು ಯೂನಿಕೋಡ್‌ಗೆ ತಂದು, ಮೂಲದೊಂದಿಗೆ ಹೋಲಿಸಿ ತಿದ್ದುತ್ತಿದ್ದೇನೆ. ನಿಮ್ಮ ಹಳೆಯ ಕಂಪ್ಯೂಟರಿನಲ್ಲೂ ಇಂಥ ಪಾಠಗಳಿದ್ದರೆ, ಅದು ಇನ್ನೂ ಆನ್ ಆಗುತ್ತಿರುವಾಗಲೇ ಹೊರತೆಗೆಯಿರಿ.