ಬ್ಯಾಸ್ಕೆಟ್‌ಬಾಲ್: ಒಬ್ಬ ಪ್ರೇಕ್ಷಕನ ಒಂದು ರಾತ್ರಿ

ನಾನು ಆಟಗಾರನಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಸಹಪಾಠಿಗಳಿಗೆ ಇದು ತಿಳಿದ ಸಂಗತಿಯೇ; ಅಧ್ಯಾಪಕ ಮಹಾಶಯರಿಗೆ ಮಾತ್ರ ಈ ಲೇಖನದ ತಲೆಬರಹವನ್ನು ಕಂಡು, ನನ್ನ ಹಾಜರಿ ಕಡಿಮೆಯಾದುದಕ್ಕೆ ಕಾರಣ ಸಿಕ್ಕಿತೆಂದು ಅನ್ನಿಸಬಹುದು. ಬ್ಯಾಸ್ಕೆಟ್‌ಬಾಲ್ ಅಂಗಣದೊಳಗೆ ನಾನು ಕಾಲಿಟ್ಟಿದ್ದರೆ ಅದು ನೀರಿನ ಕೊಡ ಹೊತ್ತುಕೊಂಡು ಮಾತ್ರ. ಆದರೆ ಅಂಗಣದ ಹೊರಗೆ ನಿಂತು ಕೂಗುವುದರಲ್ಲಿ ನನ್ನನ್ನು ಮೀರಿಸುವವರು ಹೊಸಪೇಟೆಯಲ್ಲಿ ವಿರಳ. ಈ ವರ್ಷದ ಅಂತರ ಕಾಲೇಜು ಪಂದ್ಯಗಳ ಸೆಮಿಫೈನಲ್ ರಾತ್ರಿ ಒಂದೇ ಕಂಬದ ಬುಡದಲ್ಲಿ ನಿಂತು ಮೂರು ಪಂದ್ಯಗಳನ್ನು ನೋಡಿದೆ; ಮೂರಕ್ಕೂ ಗಂಟಲು ಹರಿದುಕೊಂಡೆ; ಕೊನೆಗೆ ಮಾಡಬಾರದ ಒಂದು ಕೆಲಸವನ್ನೂ ಮಾಡಿದೆ. ಅದನ್ನು ಹೇಳಬೇಕಾದರೆ ಈ ಆಟದ ಕಟ್ಟಳೆಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಕ್ರಿಕೆಟ್ಟಿನ ಪಂಡಿತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಬಡ್ಡಿಯನ್ನು ವಿವರಿಸುವ ಅಗತ್ಯವೇ ಇಲ್ಲ. ಬ್ಯಾಸ್ಕೆಟ್‌ಬಾಲನ್ನು ಮಾತ್ರ ನಮ್ಮಲ್ಲಿ ಎಲ್ಲರೂ ನೋಡುತ್ತಾರೆ, ತಿಳಿದವರು ಕೆಲವರೇ. ಆ ರಾತ್ರಿಯವರೆಗೆ ನಾನೂ ತಿಳಿಯದವರ ಗುಂಪಿನಲ್ಲಿಯೇ ಇದ್ದೆ.

ರಾತ್ರಿ ಏಕೆ ಆಡುತ್ತಾರೆಂದು ಹೊರಗಿನವರು ಕೇಳಬಹುದು. ಬೇಸಿಗೆಯ ಹೊಸಪೇಟೆಯನ್ನು ಕಂಡವರು ಕೇಳುವುದಿಲ್ಲ. ಹಗಲೆಲ್ಲ ಕಾದ ಸಿಮೆಂಟಿನ ನೆಲ ಸಂಜೆ ಆರಕ್ಕೂ ಹಂಚಿನಂತೆಯೇ ಇರುತ್ತದೆ. ಆದ್ದರಿಂದ ಏಳು ಗಂಟೆಗೆ ದೀಪ ಹಚ್ಚಿ ಆಟ ಶುರುಮಾಡುವುದು ರೂಢಿ. ದೀಪ ಹಚ್ಚಿದೊಡನೆ ಕಾಲುವೆ ಬದಿಯ ಗದ್ದೆಗಳಿಂದ ಹುಳುಗಳು ಆಹ್ವಾನವಿಲ್ಲದೆ ಬರುತ್ತವೆ. ಅವುಗಳ ಮೇಲೆ ಕಾಲಿಟ್ಟು ಜಾರಿ ಬಿದ್ದವರನ್ನು ನಾನು ಆ ಒಂದೇ ರಾತ್ರಿ ಮೂವರನ್ನು ಎಣಿಸಿದೆ. ಬಸವಣ್ಣ ಕಾಲುವೆಯನ್ನು ತೋಡಿಸಿದ ವಿಜಯನಗರದ ಅರಸರು ಇದನ್ನು ಯೋಚಿಸಿರಲಾರರು. ಆದರೆ ದೀಪದ ಬೆಳಕಿನಲ್ಲಿ ಆಟ ನೋಡುವ ಹುಚ್ಚು ಈ ನೆಲಕ್ಕೆ ಹೊಸದಲ್ಲ. 1520ರ ಸುಮಾರಿಗೆ ಹಂಪೆಗೆ ಬಂದಿದ್ದ ಪೋರ್ಚುಗಲ್ಲಿನ ಡೊಮಿಂಗೋ ಪಾಯೆಸ್, ಮಹಾನವಮಿಯ ರಾತ್ರಿ ಪಂಜುಗಳನ್ನು ಸುತ್ತಲೂ ನಿಲ್ಲಿಸಿ ಅಂಗಳವನ್ನು ಹಗಲು ಮಾಡುತ್ತಿದ್ದುದನ್ನೂ, ಅಲ್ಲಿಯ ಜಟ್ಟಿಗಳು ಹಲ್ಲು ಮುರಿಯುವಂತೆ ಗುದ್ದಾಡುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಅವರ ನಡುವೆ ಸಮನಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದಕ್ಕೂ ತೀರ್ಪುಗಾರರು ಇದ್ದರೆಂದೂ ಹೇಳುತ್ತಾನೆ. ಆ ತೀರ್ಪುಗಾರರನ್ನು ನೋಡಿ ಜನ ಏನೆಂದು ಕೂಗಿದರೆಂಬುದನ್ನು ಮಾತ್ರ ಬರೆಯಲಿಲ್ಲ.

ಮೊದಲನೆಯ ಪಂದ್ಯ ಕಂಪ್ಲಿಯವರಿಗೂ ಸಂಡೂರಿನವರಿಗೂ. ಸಂಡೂರಿನವರ ಬೂಟುಗಳನ್ನು ನೋಡಿದರೇ ಅವರ ಊರು ಹೇಳಬಹುದಿತ್ತು. ಅದಿರಿನ ಕೆಂಧೂಳು ಬಿಳಿಯ ಬೂಟಿಗೆ ಹತ್ತಿದರೆ ಹೋಗುವುದಿಲ್ಲ. ಕಂಪ್ಲಿಯವರು ಎತ್ತರದ ಹುಡುಗರು, ಆದರೆ ಕೈ ಸ್ವಲ್ಪ ಒರಟು. ಚೆಂಡು ಮೇಲಿಂದ ಮೇಲೆ ಗೆರೆ ದಾಟಿ ಪ್ರೇಕ್ಷಕರ ಮಡಿಲಿಗೇ ಬರುತ್ತಿತ್ತು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಕಂಪ್ಲಿಯವರಿಗೆ ಚೆಂಡು ಹೊರಗ ಹೋದ್ರ ಭಾಳ ತ್ರಾಸಪ್ಪಾ, ಹಿಂದಿನಿಂದನೂ ಹಂಗ" ಎಂದರು. ಕುಮಾರರಾಮನ ಕಥೆ ಬಲ್ಲವರಿಗೆ ಇದು ಅರ್ಥವಾದೀತು. ನಂಜುಂಡ ಕವಿ ಹಾಡಿದ ಆ ಕಥೆಯಲ್ಲಿ ಕಂಪಿಲರಾಯನ ಮಗ ಆಡುತ್ತಿದ್ದ ಚೆಂಡು ಹಾರಿ ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ಅದನ್ನು ತರಲು ಒಳಗೆ ಹೋದದ್ದೇ ಅವನ ಕೇಡಿಗೆ ಮೊದಲಾಗುತ್ತದೆ. ಅಂಗಳಕ್ಕೆ ಗೆರೆಯೂ, ಹೊರಗೆ ಹೋದ ಚೆಂಡು ಎದುರಾಳಿಗೆ ಸೇರಿದ್ದೆಂಬ ನಿಯಮವೂ ಆಗ ಇದ್ದಿದ್ದರೆ ಕನ್ನಡಕ್ಕೆ ಒಂದು ಒಳ್ಳೆಯ ಕಾವ್ಯ ತಪ್ಪಿಹೋಗುತ್ತಿತ್ತು.

ಬ್ಯಾಸ್ಕೆಟ್‌ಬಾಲಿಗೂ ಮೊದಲಲ್ಲಿ ಆ ನಿಯಮವಿರಲಿಲ್ಲವೆಂಬುದು ಸ್ವಾರಸ್ಯದ ವಿಷಯ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಿಕ್ಷಣ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯ ಈ ಆಟವನ್ನು ಹುಟ್ಟಿಸಿದ. ಹೊರಗೆ ಚಳಿಗಾಲ, ಒಳಗೆ ಹದಿನೆಂಟು ಮಂದಿ ಬೇಸರಪಟ್ಟ ವಿದ್ಯಾರ್ಥಿಗಳು. ಹದಿನಾಲ್ಕು ದಿನದೊಳಗೆ ಏನಾದರೊಂದು ಆಟ ಕಟ್ಟಿಕೊಡೆಂದು ಮೇಲಿನವರ ಅಪ್ಪಣೆಯಾಗಿತ್ತು. ಶಾಲೆಯ ಮೇಲ್ವಿಚಾರಕ ಕೊಟ್ಟ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಗಸಾಲೆಯ ಅಂಚಿಗೆ ಹೊಡೆದರು. ಆ ಅಂಚು ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಉಂಗುರ ಇರುವುದು ಆ ಎತ್ತರದಲ್ಲಿಯೇ. ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು. ಆಗಿನ ಹದಿಮೂರು ನಿಯಮಗಳ ಪ್ರಕಾರ ಹೊರಹೋದ ಚೆಂಡನ್ನು ಯಾರು ಮೊದಲು ಮುಟ್ಟುತ್ತಾರೋ ಅದು ಅವರದು. ಹೀಗಾಗಿ ಆಟಗಾರರು ಮೆಟ್ಟಿಲು ಹತ್ತಿ, ಪ್ರೇಕ್ಷಕರನ್ನು ತುಳಿದು ಓಡುತ್ತಿದ್ದರು. ಬಳಿಕ ನಿಯಮ ಬದಲಾಯಿತು.

ನೈಸ್ಮಿತ್ತನ ಯೋಚನೆಯಲ್ಲಿ ಎರಡು ಮಾತು ಮುಖ್ಯ. ಚೆಂಡನ್ನು ಹಿಡಿದುಕೊಂಡು ಓಡಕೂಡದು. ಓಡುವುದಿಲ್ಲವಾದರೆ ಅವನನ್ನು ಕೆಡವಬೇಕಾದ ಕಾರಣವೂ ಇಲ್ಲ. ಗುರಿ ತಲೆಯ ಮೇಲಿರಬೇಕು; ಆಗ ಬಲದಿಂದ ಎಸೆದರೆ ಪ್ರಯೋಜನವಿಲ್ಲ, ಹದವಾಗಿ ಎತ್ತಿ ಹಾಕಬೇಕು. ಭುಜ ಕೊಡುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಡುವುದು ಇವೆಲ್ಲ ಮೊದಲ ದಿನದಿಂದಲೇ ನಿಷಿದ್ಧ. ಜಟ್ಟಿಯ ಬಲಕ್ಕೆ ಬೆಲೆಯಿಲ್ಲದ ಆಟವೊಂದನ್ನು ಕಟ್ಟಬೇಕೆಂಬುದೇ ಅವನ ಬಯಕೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನನ್ನ ಅಪರಾಧ ಇದಕ್ಕೆ ಸಂಬಂಧಿಸಿದ್ದು.

ಸಂಡೂರಿನವರು ಗೆದ್ದರು. ಅವರ ಗೆಲುವಿಗೆ ಕಾರಣ ದೂರದ ಎಸೆತ. ಉಂಗುರದಿಂದ 6.75 ಮೀಟರು ದೂರದ ಕಮಾನಿನ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು ಅಂಕ. ಅಂತರರಾಷ್ಟ್ರೀಯ ನಿಯಮದಲ್ಲಿ ಈ ಗೆರೆ ಬಂದದ್ದು 1984ರಲ್ಲಿ, ಆಗ 6.25 ಮೀಟರಿಗೆ, 2010ರಲ್ಲಿ ಇನ್ನಷ್ಟು ಹಿಂದಕ್ಕೆ ಸರಿಯಿತು. ಉಂಗುರದ ಅಡ್ಡಳತೆ 45 ಸೆಂಟಿಮೀಟರು, ಚೆಂಡಿನದು ಸುಮಾರು 24. ಎರಡು ಚೆಂಡು ಅಕ್ಕಪಕ್ಕ ಇಟ್ಟರೆ ಸ್ವಲ್ಪದರಲ್ಲಿಯೇ ಹಿಡಿಸುವುದಿಲ್ಲ, ಅಷ್ಟು ಅಗಲ! ನೋಡುವವನಿಗೆ ಮಾತ್ರ ಅದು ಯಾವಾಗಲೂ ಬಳೆಯಷ್ಟೇ ಕಾಣುತ್ತದೆ.

ನಡುವೆ ಇದ್ದದ್ದು ವಿದ್ಯಾರ್ಥಿನಿಯರ ಫೈನಲ್. 1893ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಹೆಣ್ಣುಮಕ್ಕಳು ಮೊದಲ ಬಾರಿ ಈ ಆಟ ಆಡಿದಾಗ ಗಂಡಸರನ್ನು ಒಳಗೆ ಬಿಟ್ಟಿರಲಿಲ್ಲವಂತೆ. ನಮ್ಮಲ್ಲಿ ಹಾಗೆ ಮಾಡಿದ್ದರೆ ಒಳ್ಳೆಯದಿತ್ತು. ಕೆಲವರ ಕೂಗು ಕೂಗಾಗಿರಲಿಲ್ಲ. ಆಟ ಮಾತ್ರ ಆ ರಾತ್ರಿಯ ಮೂರರಲ್ಲಿ ಅತ್ಯಂತ ಶುದ್ಧವಾದುದು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ದೇಶದ ಮಹಿಳೆಯರು ಏಷ್ಯಾ ಕಪ್ಪಿನ ಎರಡನೆಯ ದರ್ಜೆಯ ಫೈನಲ್ಲಿನಲ್ಲಿ ಕಜಾಕಸ್ತಾನವನ್ನು 75–73ರಿಂದ ಸೋಲಿಸಿದ್ದರು. ಪುರುಷರ ತಂಡ ಒಲಿಂಪಿಕ್ಕಿಗೆ ಹೋದದ್ದು 1980ರಲ್ಲಿ ಮಾಸ್ಕೋಗೆ, ಒಂದೇ ಒಂದು ಸಲ. ಹೀಗಿದ್ದೂ ನಮ್ಮ ಹುಡುಗರು ಹೆಣ್ಣುಮಕ್ಕಳ ಪಂದ್ಯ ಬಂದಾಗ ಚಹಾ ಕುಡಿಯಲು ಹೋಗುತ್ತಾರೆ.

ಮೂರನೆಯದು ನಮ್ಮದು, ಬಳ್ಳಾರಿಯ ತಂಡದ ಮೇಲೆ. ಒಂದು ತಂಡಕ್ಕೆ ಹನ್ನೆರಡು ಮಂದಿ ಇರಬಹುದು, ನಮ್ಮಲ್ಲಿದ್ದವರು ಏಳು. ಹತ್ತು ನಿಮಿಷದ ನಾಲ್ಕು ಅವಧಿಗಳೆಂದರೆ ಕೇಳುವುದಕ್ಕೆ ಸುಲಭ. ಆದರೆ ಈ ಆಟದಲ್ಲಿ ಗಡಿಯಾರ ಓಡುವಾಗ ಆಟಗಾರನೂ ಓಡುತ್ತಲೇ ಇರಬೇಕು. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ಕಟ್ಟಳೆಯಿದೆ. ಇದಕ್ಕೊಂದು ಕಥೆಯುಂಟು. 1950ರ ನವೆಂಬರಿನಲ್ಲಿ ಅಮೆರಿಕದ ವೃತ್ತಿಪರ ತಂಡಗಳೆರಡು, ಒಂದು ಕಡೆಯವರು ಚೆಂಡನ್ನು ಸುಮ್ಮನೆ ಹಿಡಿದು ಕುಳಿತುದರಿಂದ, ಇಡೀ ಪಂದ್ಯವನ್ನು 19–18ಕ್ಕೆ ಮುಗಿಸಿದವು. ಜನ ಬೇಸತ್ತರು. 1954ರಲ್ಲಿ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಒಂದು ಲೆಕ್ಕ ಹಾಕಿದ: ಒಳ್ಳೆಯ ಪಂದ್ಯದಲ್ಲಿ ಎರಡೂ ಕಡೆ ಸೇರಿ ಸುಮಾರು 120 ಎಸೆತ, 48 ನಿಮಿಷಕ್ಕೆ 2,880 ಸೆಕೆಂಡು, ಭಾಗಿಸಿದರೆ 24. ಅಂತರರಾಷ್ಟ್ರೀಯ ಆಟದಲ್ಲಿ ಬಹುಕಾಲ 30 ಇದ್ದು, 2000ದಲ್ಲಿ 24 ಆಯಿತು. ನಮ್ಮ ಅಂಗಣದಲ್ಲಿ ಕೆಂಪು ಅಂಕಿ ಉರಿಯುವ ಯಂತ್ರವಿಲ್ಲ, ಹುಡುಗನೊಬ್ಬ ಕೈಯಲ್ಲಿ ಗಡಿಯಾರ ಹಿಡಿದು "ಹತ್ತು... ಐದು..." ಎಂದು ಕೂಗುತ್ತಾನೆ. ಅವನ ದನಿ ನಮ್ಮ ಗದ್ದಲದಲ್ಲಿ ಕೇಳಿಸದೆ ನಮ್ಮವರೇ ಎರಡು ಸಲ ಚೆಂಡು ಕಳೆದುಕೊಂಡರು. ಅದಕ್ಕೆ ಯಾರು ಹೊಣೆಯೋ!

ನಮ್ಮ ನಾಯಕ ಅಂತಿಮ ವರ್ಷದವನು. ಇದು ಕಾಲೇಜಿಗಾಗಿ ಅವನ ಕೊನೆಯ ಪಂದ್ಯಾವಳಿ. ಮೂರನೆಯ ಅವಧಿ ಮುಗಿಯುವಷ್ಟರಲ್ಲಿ ಅವನ ಲೆಕ್ಕಕ್ಕೆ ನಾಲ್ಕು ತಪ್ಪುಗಳಾಗಿದ್ದವು. ಐದಾದರೆ ಹೊರಗೆ, ಮತ್ತೆ ಒಳಬರುವಂತಿಲ್ಲ. ಆದರೂ ಅವನನ್ನು ಕೂರಿಸುವ ಸ್ಥಿತಿ ನಮ್ಮದಾಗಿರಲಿಲ್ಲ. ಕೊನೆಗೆ ಏಳು ಸೆಕೆಂಡು ಉಳಿದಾಗ ಬಳ್ಳಾರಿ 58, ನಾವು 57. ಚೆಂಡು ನಮ್ಮದು. ನಾಯಕ ಎಡಗಡೆಯಿಂದ ನುಗ್ಗಿದ, ಒಬ್ಬನನ್ನು ತಪ್ಪಿಸಿದ, ಎದುರಿಗೆ ಬಳ್ಳಾರಿಯ ಗಿಡ್ಡ ಹುಡುಗನೊಬ್ಬ ನಿಂತಿದ್ದ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದರು. ಚೆಂಡು ಹಲಗೆಗೆ ತಗುಲಿ ಉಂಗುರದೊಳಗೆ ಇಳಿಯಿತು. ನಾವು ಕುಣಿದೆವು. ನನ್ನ ಮುಂಡಾಸನ್ನು, ಎಂದರೆ ಟವೆಲನ್ನು, ಗಾಳಿಗೆ ಎಸೆದೆ. ಅದು ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ ಸೀಟಿ. ತೀರ್ಪುಗಾರರು ಒಂದು ಕೈಯನ್ನು ಮುಷ್ಟಿ ಕಟ್ಟಿ ನಮ್ಮ ಬುಟ್ಟಿಯ ಕಡೆಯಿಂದ ಆಚೆಗೆ ತೋರಿಸಿದರು. ತಪ್ಪು ನಮ್ಮ ನಾಯಕನದು, ಬುಟ್ಟಿ ರದ್ದು, ಅವನಿಗೆ ಐದನೆಯದು, ಚೆಂಡು ಬಳ್ಳಾರಿಗೆ. ಉಳಿದ ಎರಡು ಸೆಕೆಂಡು ಹೇಗೆ ಕಳೆಯಿತೆಂದು ನಾನು ನೋಡಲಿಲ್ಲ. "ಎಷ್ಟು ರೊಕ್ಕ ತಿಂದೀಯಲೇ!" ಎಂದು ಕೂಗುತ್ತಿದ್ದೆ. ಒಂದು ಸಲವಲ್ಲ. ನಾನು ಎತ್ತಿಕೊಟ್ಟ ಸೊಲ್ಲನ್ನು ನಮ್ಮ ಕಡೆಯವರೆಲ್ಲ ಹಿಡಿದುಕೊಂಡರು. ತಂದೆಯ ವಯಸ್ಸಿನವರೊಬ್ಬರನ್ನು ಮುನ್ನೂರು ಜನರೆದುರಿಗೆ ಹಾಗೆ ಅಂದೆ.

ಬಸ್ ನಿಲ್ದಾಣದ ಕಡೆಗೆ ನಡೆದು ಹೋಗುವಾಗ ಗೆಳೆಯನೊಬ್ಬ ಮೊಬೈಲಿನಲ್ಲಿ ಹಿಡಿದ ಚಿತ್ರವನ್ನು ತೋರಿಸಿದ. ಅನ್ಯಾಯವನ್ನು ಊರಿಗೆಲ್ಲ ತೋರಿಸಬೇಕೆಂಬುದು ಅವನ ಉದ್ದೇಶ. ನಿಧಾನ ಮಾಡಿ ನೋಡಿದೆವು. ಇನ್ನೊಮ್ಮೆ ನೋಡಿದೆವು. ಮೂರನೆಯ ಸಲ ನೋಡಿದ ಮೇಲೆ ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡು, "ಹಸಿವು ಆಗೈತಿ" ಎಂದ.

ಮಿರ್ಚಿ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ನಿಂತಿದ್ದವರು ಆ ತೀರ್ಪುಗಾರರೇ. ತಪ್ಪಿಸಿಕೊಳ್ಳುವಷ್ಟು ಜಾಗವಿರಲಿಲ್ಲ.

"ನೀನ ಅಲ್ಲೇನಪ್ಪಾ, ಕಂಬದ ಹತ್ರ ನಿಂತು ಕೂಗಿದಾಂವ?"

"ಹೌದ್ರೀ ಸರ್. ತಪ್ಪಾತು."

"ಕೂಗಿದ್ದಿರಲಿ ಬಿಡು ತಮ್ಮಾ. ಏನು ನೋಡಿದಿ, ಅದನ್ನ ಹೇಳು."

"ಚೆಂಡು ಒಳಗ ಹೋಗಿದ್ದು ನೋಡಿದೆ ಸರ್."

"ಅದನ್ನ ಎಲ್ಲಾರೂ ನೋಡಿದ್ರು. ನಾ ಒಬ್ಬಾಂವ ನೋಡಲಿಲ್ಲ."

ಅವರು ತಟ್ಟೆಯಲ್ಲಿ ಎರಡು ಮಿರ್ಚಿಗಳನ್ನು ನಿಲ್ಲಿಸಿ ವಿವರಿಸಿದರು. ಇಬ್ಬರು ತೀರ್ಪುಗಾರರಿರುವಾಗ ಒಬ್ಬನು ಬುಟ್ಟಿಯ ಕೆಳಗಿನ ಗೆರೆಯಲ್ಲಿ ನಿಲ್ಲುತ್ತಾನೆ, ಇನ್ನೊಬ್ಬನು ಆಟದ ಹಿಂದೆ ಬರುತ್ತಾನೆ. ಚೆಂಡು ಹಾರುವುದನ್ನು ನೋಡುವುದು ಹಿಂದಿನವನ ಕೆಲಸ. ಕೆಳಗೆ ನಿಂತವನು ನೋಡಬೇಕಾದುದು ಮೈಗಳನ್ನು, ಎಲ್ಲಕ್ಕಿಂತ ಮೊದಲು ಕಾಲುಗಳನ್ನು. ಪ್ರತಿಯೊಬ್ಬ ಆಟಗಾರನ ಸುತ್ತಲೂ ನೆಲದಿಂದ ಮೇಲಕ್ಕೆ ಕಣ್ಣಿಗೆ ಕಾಣದ ಒಂದು ಕಂಬವಿದೆಯೆಂದು ಭಾವಿಸಬೇಕು. ಎದುರಾಳಿಗೆ ಮುಖಮಾಡಿ ಎರಡೂ ಕಾಲನ್ನು ನೆಲಕ್ಕೆ ಊರಿ ಮೊದಲು ನಿಂತವನಿಗೆ ಆ ಕಂಬದಷ್ಟು ಜಾಗ ಸ್ವಂತದ್ದು. ಚೆಂಡು ಕೈಯಲ್ಲಿದೆಯೆಂಬ ಕಾರಣಕ್ಕೆ ಅದರ ಮೇಲೆ ನುಗ್ಗುವ ಹಕ್ಕು ಬರುವುದಿಲ್ಲ. ಉಂಗುರದ ಕೆಳಗೆ 1.25 ಮೀಟರಿನ ಅರ್ಧವೃತ್ತದೊಳಗೆ ನಿಂತು ಈ ಹಕ್ಕನ್ನು ಕೇಳುವಂತಿಲ್ಲ. ಬಳ್ಳಾರಿಯ ಹುಡುಗ ನಿಂತದ್ದು ಅದರ ಹೊರಗೆ. ಇನ್ನುಳಿದ ಪ್ರಶ್ನೆ ಒಂದೇ: ಡಿಕ್ಕಿಯಾದಾಗ ಚೆಂಡು ಕೈಬಿಟ್ಟಿತ್ತೇ? ಬಿಟ್ಟಿದ್ದರೆ, ತಪ್ಪು ತಪ್ಪಾಗಿಯೇ ಉಳಿದರೂ ಬುಟ್ಟಿ ಲೆಕ್ಕಕ್ಕೆ ಬರುತ್ತಿತ್ತು, ನಾವು 59 ಆಗುತ್ತಿದ್ದೆವು.

"ಕೈಯಾಗ ಇತ್ತು" ಎಂದರು.

ಗೆಳೆಯ ಜೇಬಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ. ಮೊಬೈಲಿನಲ್ಲಿ ನಾವು ಮೂರು ಸಲವೂ ಕಂಡದ್ದು ಅದೇ.

"ಇನ್ನೊಂದು ಕೇಳ್ತೀನಿ" ಎಂದರು ಅವರು. "ನಿಮ್ಮವರಿಗೆ ಫ್ರೀ ಥ್ರೋ ಎಷ್ಟು ಸಿಕ್ಕಿದ್ವು?" ನಾನು ಎಣಿಸಿರಲಿಲ್ಲ. ಎದುರಾಳಿಯ ತಪ್ಪಿಗೆ ಪ್ರತಿಯಾಗಿ ದೊರೆಯುವ ಈ ಎಸೆತಗಳನ್ನು ಹಲಗೆಯಿಂದ 4.6 ಮೀಟರು ದೂರದಲ್ಲಿ ನಿಂತು ಹಾಕಬೇಕು. ಯಾರೂ ಅಡ್ಡ ಬರುವಂತಿಲ್ಲ. ಒಂದಕ್ಕೆ ಒಂದು ಅಂಕ. ಮಾರನೆಯ ದಿನ ಅಂಕಪಟ್ಟಿಯನ್ನು ಕೇಳಿ ನೋಡಿದೆ. ನಮಗೆ ಸಿಕ್ಕಿದ್ದು 14, ಒಳಗೆ ಹೋದದ್ದು 5. ಒಂದು ಅಂಕದಿಂದ ಸೋತ ಪಂದ್ಯದಲ್ಲಿ ಒಂಬತ್ತು ಸಲ, ಯಾವ ತೀರ್ಪುಗಾರನ ಹಂಗೂ ಇಲ್ಲದೆ, ನಾವು ಗೆಲುವನ್ನು ನೆಲಕ್ಕೆ ಹಾಕಿದ್ದೆವು. ಆ ಒಂಬತ್ತರಲ್ಲಿ ನಾಲ್ಕು ನಾಯಕನವೇ. ಅವನಿಗೆ ಅದು ಅಂಕಪಟ್ಟಿ ನೋಡದೆಯೇ ಗೊತ್ತಿತ್ತೆಂದು ಕಾಣುತ್ತದೆ. ಸೀಟಿಯಾದಾಗ ಅಂಗಣದಲ್ಲಿ ಒಂದು ಮಾತನ್ನೂ ಆಡದೆ, ತೀರ್ಪುಗಾರರ ಕೈ ಕುಲುಕಿ ಹೊರಗೆ ಬಂದವನು ಅವನೊಬ್ಬನೇ.

ಗಂಗಾವತಿಯ ಬಸ್ಸು ಬಂದು ನಿಂತಿತು. ಅವರು ಕೈ ಒರೆಸಿಕೊಂಡು ಜೇಬಿಗೆ ಕೈ ಹಾಕಿದರು. ನಾನು ಮುಂದೆ ನುಗ್ಗಿ, "ನಾ ಕೊಡ್ತೀನ್ರೀ ಸರ್" ಎಂದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ ಅಂಗಡಿಯವನಿಗೆ ತಾವೇ ದುಡ್ಡು ಎಣಿಸಿದರು.

"ಬ್ಯಾಡಪ್ಪಾ. ನಿನ್ನ ರೊಕ್ಕ ತಿಂದ್ರ ಫೈನಲ್ಲಿನ್ಯಾಗ ನೀನ ಮತ್ತ ಕೂಗ್ತಿ."