ಹಳೆ ಅಂಬಾಸಿಡರ್‌ಗೆ ಅದರದೇ ಫ್ಯಾನ್: ಹುಡುಕುವುದು ಹೇಗೆ?

ಅಂಗಡಿಗೆ ಹೋಗಿ ‘ಅಂಬಾಸಿಡರ್ ಫ್ಯಾನ್ ಕೊಡಿ’ ಎಂದರೆ, ‘ಯಾವ ಎಂಜಿನ್ನು?’ ಎಂದು ಅಂಗಡಿಯವರು ತಿರುಗಿ ಕೇಳುತ್ತಾರೆ. ಉತ್ತರ ಗೊತ್ತಿಲ್ಲದೆ ಮನೆ ಬಿಟ್ಟರೆ ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಿಬಂದ ಬಸ್ ಚಾರ್ಜು ದಂಡ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ ಕಡೆ ಅಪ್ಪನ ಕಾಲದ ಕಾರನ್ನು ಷೆಡ್ಡಿನಿಂದ ಹೊರತೆಗೆದು ಮತ್ತೆ ರಸ್ತೆಗೆ ಇಳಿಸಬೇಕೆಂದಿರುವವರಿಗೆ ಈ ಬರಹ.

ಮೊದಲು ಫ್ಯಾನ್ ಏನು ಮಾಡುತ್ತದೆ ನೋಡೋಣ. ಎಂಜಿನ್ನಿನ ಬಿಸಿಯನ್ನು ನೀರು ಹೊತ್ತು ರೇಡಿಯೇಟರಿಗೆ, ಅಂದರೆ ಮುಂದಿರುವ ಜಾಲರಿಯಂಥ ಪೆಟ್ಟಿಗೆಗೆ, ತರುತ್ತದೆ. ಅದರ ಹಿಂದೆ ನಿಂತ ಫ್ಯಾನ್ ಹೊರಗಿನ ಗಾಳಿಯನ್ನು ಜಾಲರಿಯ ಮೂಲಕ ಒಳಗೆ ಎಳೆಯುತ್ತದೆ. ಅಂಬಾಸಿಡರ್‌ನಲ್ಲಿ ಫ್ಯಾನ್ ಕೂರುವುದು ವಾಟರ್ ಪಂಪಿನ ಪುಲ್ಲಿ ಮೇಲೆ. ಒಂದೇ ಬೆಲ್ಟ್ ಪಂಪನ್ನೂ ಫ್ಯಾನನ್ನೂ ಬ್ಯಾಟರಿ ಚಾರ್ಜ್ ಮಾಡುವ ಡೈನಮೊವನ್ನೂ ತಿರುಗಿಸುತ್ತದೆ.

ಸಮತಟ್ಟು ರಸ್ತೆಯಲ್ಲಿ ಓಡುವಾಗ ಎದುರುಗಾಳಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ಫ್ಯಾನಿನ ನಿಜವಾದ ಪರೀಕ್ಷೆ ನಂದಿಬೆಟ್ಟದ ತಿರುವುಗಳಲ್ಲಿ. ಅಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ದುಡಿಯುತ್ತಿರುತ್ತದೆ, ಕಾರು ಮಾತ್ರ ಮೆಲ್ಲಗೆ ಸಾಗುತ್ತದೆ, ಎದುರುಗಾಳಿ ಸಾಲದು. ಜೊತೆಗೆ ಎತ್ತರ ಏರಿದಂತೆ ನೀರು ಬೇಗ ಕುದಿಯುತ್ತದೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಮೇಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 100ಕ್ಕಲ್ಲ, ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಪ್ರೆಶರ್ ಕ್ಯಾಪ್, ಕುಕ್ಕರಿನ ವಿಷಲ್ಲಿನಂತೆ, ಒತ್ತಡ ಹಿಡಿದಿಟ್ಟು ಕುದಿಯುವುದನ್ನು ಮುಂದೂಡುತ್ತದೆ. ಹಾಗಾಗಿ ಫ್ಯಾನ್ ಹುಡುಕುವ ಮೊದಲು ಕ್ಯಾಪಿನ ರಬ್ಬರ್ ನೋಡಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಸುರಿದ ರೇಡಿಯೇಟರಿನ ಕೊಳವೆಗಳಲ್ಲಿ, ಸ್ನಾನದ ಹಂಡೆಯೊಳಗೆ ಕಟ್ಟುವಂತೆ, ಬಿಳಿ ಪೊರೆ ಕಟ್ಟಿರುತ್ತದೆ. ಆಗ ಎಂಥ ಫ್ಯಾನ್ ಹಾಕಿದರೂ ಕಾರು ಹೀಟ್ ಆಗುತ್ತದೆ. ಎಷ್ಟೋ ಒಳ್ಳೆಯ ಫ್ಯಾನ್‌ಗಳು ಈ ಪೊರೆಯ ತಪ್ಪಿಗೆ ಗುಜರಿ ಸೇರಿವೆ. ಮೊದಲು ರೇಡಿಯೇಟರ್ ಬಿಚ್ಚಿಸಿ ತೊಳೆಸಿ. ಆಮೇಲೆ ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿಗೆ ಹಾಕುವ ಶುದ್ಧ ನೀರು, ಮತ್ತು ಕೂಲೆಂಟ್ ಮಾತ್ರ ಹಾಕಿ.

ಈಗ ಅಂಗಡಿಯವರ ಪ್ರಶ್ನೆಗೆ ಬರೋಣ. ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ತಯಾರಿಸಿತು. ಹೊರಮೈ ಹೆಚ್ಚು ಬದಲಾಗಲಿಲ್ಲ, ಬಾನೆಟ್ಟಿನ ಕೆಳಗೆ ಬಹಳ ಬದಲಾಯಿತು. ಮೊದಮೊದಲು 1476 ಸಿ.ಸಿ.ಯ ಸೈಡ್ ವಾಲ್ವ್ ಎಂಜಿನ್, ನಂತರ 1489 ಸಿ.ಸಿ.ಯ ಓವರ್‌ಹೆಡ್ ವಾಲ್ವ್ ಪೆಟ್ರೋಲ್, ಆಮೇಲೆ ಡೀಸೆಲ್, 1990ರ ದಶಕದಲ್ಲಿ ಇಸುಜು ಎಂಜಿನ್. ಆರ್.ಸಿ. ಪುಸ್ತಕದಲ್ಲಿ ಸಿ.ಸಿ. ನೋಡಿದರೆ ಸಾಕಲ್ಲವೇ ಎನ್ನಬಹುದು. ಸಾಲದು. ಹಳೆಯ ಡೀಸೆಲ್ ಎಂಜಿನ್ನೂ 1489 ಸಿ.ಸಿ.ಯದೇ. ಅದಕ್ಕೇ ಇಂಧನದ ಕಾಲಂ ನೋಡಿ. ಅದಕ್ಕಿಂತ ಮುಖ್ಯವಾಗಿ, ಆರ್.ಸಿ.ಯಲ್ಲಿರುವ ಎಂಜಿನ್ ನಂಬರನ್ನು ಎಂಜಿನ್ನಿನ ಮೇಲೆ ಕೊರೆದ ನಂಬರಿನ ಜೊತೆ ಹೋಲಿಸಿ. ಬಾಡಿಗೆಗೆ ಓಡಿದ ಎಷ್ಟೋ ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಇಳಿಸಿದ್ದರು. ಫ್ಯಾನ್ ಹೊಂದಬೇಕಾದದ್ದು ಈಗ ಕೂತಿರುವ ಎಂಜಿನ್ನಿಗೆ. ನಂಬರ್ ಹೊಂದದಿದ್ದರೆ ಆ ವಿಷಯವನ್ನು ಮೊದಲು ಬಗೆಹರಿಸಿಕೊಳ್ಳಿ.

ನಿಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿದ್ದರೆ ಲೆಕ್ಕವೇ ಬೇರೆ. ಅದರ ಫ್ಯಾನ್ ವಾಟರ್ ಪಂಪಿನ ಮೇಲಲ್ಲ, ಕೆಳಗೆ ಕ್ರ್ಯಾಂಕ್ ಶಾಫ್ಟಿನ ಪುಲ್ಲಿಗೇ ಬೋಲ್ಟ್ ಆಗಿರುತ್ತದೆ. ಬೆಲ್ಟ್ ಹರಿದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಪಂಪು ನಿಂತಿರುತ್ತದೆ, ಮೋಸ ಹೋಗಬೇಡಿ.

ಹಳೆಯ ಫ್ಯಾನ್ ಮುರಿದಿದ್ದರೂ ಬಗ್ಗಿದ್ದರೂ ಎಸೆಯಬೇಡಿ. ಅದಕ್ಕಿಂತ ಒಳ್ಳೆಯ ಮಾದರಿ ಇನ್ನೊಂದಿಲ್ಲ. ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಹೋಗುವ ಮೊದಲು ಅಳತೆ ಬರೆದುಕೊಳ್ಳಿ. ರೆಕ್ಕೆ ಎಷ್ಟು, ತುದಿಯಿಂದ ತುದಿಗೆ ಎಷ್ಟು ಇಂಚು, ನಡುವಿನ ತೂತು ಎಷ್ಟು, ಬೋಲ್ಟ್ ತೂತು ಎಷ್ಟಿವೆ, ಎದುರುಬದುರು ತೂತುಗಳ ನಡುವೆ ಎಷ್ಟು ಅಂತರ. ರೆಕ್ಕೆ ಬೆಸಸಂಖ್ಯೆಯಲ್ಲಿದ್ದರೆ ನಡುವಿನಿಂದ ತುದಿಗೆ ಅಳೆದು ಇಮ್ಮಡಿ ಮಾಡಿ. ಎಲ್ಲರೂ ಮರೆಯುವ ಅಳತೆ ಆಳದ್ದು. ಬೋಲ್ಟ್ ಕೂರುವ ಮುಖದಿಂದ ರೆಕ್ಕೆಯ ಅಂಚು ಎಷ್ಟು ಮುಂದೆ ಚಾಚಿದೆ ಎಂಬುದು. ಬೋಲ್ಟ್ ಹೊಂದಿದರೂ ಈ ಆಳ ಹೆಚ್ಚಾದರೆ ರೆಕ್ಕೆ ರೇಡಿಯೇಟರನ್ನೇ ಉಜ್ಜುತ್ತದೆ. ನಡುವೆ ಸುಮಾರು ಒಂದು ಇಂಚಾದರೂ ಜಾಗ ಬೇಕು. ಫ್ಯಾನಿನ ಮೇಲೆ ಪಾರ್ಟ್ ನಂಬರ್ ಒತ್ತಿದ್ದರೆ ಗ್ರೀಸ್ ಒರೆಸಿ ಫೋಟೊ ತೆಗೆದುಕೊಳ್ಳಿ. ಕಂಪನಿಯ ಹಳೆಯ ಪಾರ್ಟ್ಸ್ ಪುಸ್ತಕ ಸಿಕ್ಕರೆ ನಿಮ್ಮ ಚಾಸಿಸ್ ನಂಬರ್ ಕೂಡ ನೋಡಿ. ಎಲ್ಲಿಂದ ಬಿಡಿಭಾಗ ಬದಲಾಯಿತು ಎಂಬುದನ್ನು ಅಂಥ ಪುಸ್ತಕಗಳಲ್ಲಿ ಚಾಸಿಸ್ ನಂಬರಿನ ಲೆಕ್ಕದಲ್ಲೇ ಕೊಡುವುದು.

ಒಂದು ಸಂಶಯ ಬರಬಹುದು. ಕೆಲವು ಹಳೆಯ ನಾಲ್ಕು ರೆಕ್ಕೆಯ ಫ್ಯಾನ್‌ಗಳಲ್ಲಿ ರೆಕ್ಕೆಗಳು ಸಮ ಅಂತರದಲ್ಲಿ ಇರುವುದಿಲ್ಲ, ತೆರೆದ ಕತ್ತರಿಯಂತೆ ಇರುತ್ತವೆ. ಬಗ್ಗಿಹೋಗಿದೆ ಎಂದುಕೊಂಡು ಸುತ್ತಿಗೆ ಹಿಡಿಯಬೇಡಿ. ಒಂದೇ ಸಮನೆ ಕೊರೆಯುವ ಸದ್ದು ತಗ್ಗಲೆಂದು ಕಾರ್ಖಾನೆಯಲ್ಲೇ ಹಾಗೆ ಮಾಡಿದ್ದು.

ಗುಜರಿಯ ಫ್ಯಾನ್ ಕೊಳ್ಳುವಾಗ ರಿವೆಟ್‌ಗಳ ಸುತ್ತ ಬಿರುಕು ಹುಡುಕಿ. ಬರಿಗಣ್ಣಿಗೆ ಕಾಣದಿದ್ದರೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿನಲ್ಲಿ ಇಳಿದ ಎಣ್ಣೆ ಹೊರಬಂದು ಪುಡಿಯ ಮೇಲೆ ಗೆರೆ ಮೂಡಿಸುತ್ತದೆ. ಗೆರೆ ಕಂಡರೆ ಆ ಫ್ಯಾನ್ ಬೇಡವೇ ಬೇಡ. ವೆಲ್ಡಿಂಗ್ ಮಾಡಿಕೊಡುತ್ತೇವೆ ಎಂದರೂ ಒಪ್ಪಬೇಡಿ. ಓಡುವಾಗ ಕಿತ್ತುಬಂದ ರೆಕ್ಕೆ ಬಾನೆಟ್ ಸೀಳಿಕೊಂಡು ಹೊರಬರಬಲ್ಲದು. ತೂಕ ಸಮವಿದೆಯೇ ಎಂದು ತಿಳಿಯಲು ನಡುವಿನ ತೂತಿಗೆ ನುಣುಪಾದ ಸರಳು ತೂರಿಸಿ ಮೆಲ್ಲಗೆ ತಿರುಗಿಸಿ. ಪ್ರತಿ ಸಲವೂ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ಅದು ಭಾರ. ಹಾಗೇ ಹಾಕಿದರೆ ವಾಟರ್ ಪಂಪಿನ ಬೇರಿಂಗ್ ಬೇಗ ಹಾಳಾಗುತ್ತದೆ.

‘ಯಾಕೆ ಇಷ್ಟು ತಾಪತ್ರಯ, ಮಾರುತಿ 800ರ ಕರೆಂಟ್ ಫ್ಯಾನ್ ಹಾಕಿಬಿಡಿ’ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಮಾರುತಿಯಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ಅದಕ್ಕೆ ಕರೆಂಟ್ ಫ್ಯಾನ್ ಬೇಕೇಬೇಕು. ನಮ್ಮ ಹಳೆ ಕಾರಿನ ಡೈನಮೊ ಕೊಡುವುದು ಹೆಚ್ಚೆಂದರೆ 20 ಆಂಪಿಯರ್ ಆಸುಪಾಸು, ಅದೂ ವೇಗದಲ್ಲಿದ್ದಾಗ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಾಗ ಅದು ಕೊಡುವುದು ಅತ್ಯಲ್ಪ. ಫ್ಯಾನ್ ಹೆಚ್ಚು ಬೇಕಾಗುವುದೂ ಆಗಲೇ. ಬ್ಯಾಟರಿ ಕೂತುಹೋಗುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಕಾರಿನ ಮೈಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ. ಅದನ್ನು ಗಮನಿಸದೆ ತಂತಿ ಜೋಡಿಸಿದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ದಿನವೂ ಓಡಿಸುವವರು ಆಲ್ಟರ್ನೇಟರ್ ಹಾಕಿಸಿಕೊಂಡು ಕರೆಂಟ್ ಫ್ಯಾನ್ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಆದರೆ ಮುಂಭಾಗದ ತಗಡನ್ನು ಕತ್ತರಿಸಬೇಡಿ, ಹಳೆಯ ಫ್ಯಾನನ್ನು ಎತ್ತಿಡಿ.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಸ್, ಬಾಡಿ ಷೆಲ್, ಎಂಜಿನ್ ಮಾರ್ಪಾಡಾಗಿರಬಾರದು ಎಂದು ನಿಯಮ ಹೇಳುತ್ತದೆ. ಫ್ಯಾನ್ ಬದಲಾದ ಮಾತ್ರಕ್ಕೆ ಕಾರು ಅನರ್ಹವಾಗದು. ಅದಕ್ಕಾಗಿ ತಗಡು ಕೊಯ್ದರೆ ಆ ಗಾಯ ಉಳಿದುಬಿಡುತ್ತದೆ.

ಎಲ್ಲಿ ಸಿಗುತ್ತದೆ? ಮೊದಲು ಊರಿನ ಹಳೆಯ ಗ್ಯಾರೇಜುಗಳಲ್ಲೇ ಕೇಳಿ. ಅಟ್ಟದ ಮೇಲೆ ಬಿದ್ದಿರುವುದುಂಟು. ಹೊಸದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. ಅಲ್ಲೂ ಸಿಗದಿದ್ದರೆ ಚೆನ್ನೈನ ಪುದುಪೇಟೆ. ಅಂಬಾಸಿಡರ್ ಹುಟ್ಟಿದ್ದು ಬಂಗಾಳದ ಉತ್ತರಪಾರದಲ್ಲಿ, ಆದ್ದರಿಂದ ಕೋಲ್ಕತ್ತದ ಮಲ್ಲಿಕ್ ಬಜಾರ್‌ನಲ್ಲೂ ವಿಚಾರಿಸಬಹುದು. ಪದ್ಮಿನಿ ಕಾರಿನವರಿಗೆ ಮುಂಬೈನ ಕುರ್ಲಾ. ಫೋನಿನಲ್ಲಿ ಮಾತಾಡುವುದಾದರೆ ಟೇಪು ಹಿಡಿದು ತೆಗೆದ ಫೋಟೊ ಕಳುಹಿಸಿ, ಅವರಿಂದಲೂ ಟೇಪಿನ ಜೊತೆಗಿನ ಫೋಟೊ ತರಿಸಿಕೊಂಡ ಮೇಲೆಯೇ ದುಡ್ಡು ಕಳುಹಿಸಿ.

ಗುಜರಿಯಲ್ಲಿ ಬೆಲೆ ಚೌಕಾಸಿಗೆ ಬಿಟ್ಟದ್ದು. ಬಿಲ್ಲಿನ ಹೊಸ ಬಿಡಿಭಾಗಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇ 18. ಫ್ಯಾನ್ ಒಂದಕ್ಕೇ ಲೆಕ್ಕ ಹಾಕಬೇಡಿ. ಬೆಲ್ಟು, ಹೋಸ್ ಪೈಪು, ರೇಡಿಯೇಟರ್ ತೊಳೆಸುವ ಕೂಲಿ, ಬೇಕಾದರೆ ವಾಟರ್ ಪಂಪಿನ ರಿಪೇರಿ ಎಲ್ಲಕ್ಕೂ ಸೇರಿಸಿ ದುಡ್ಡು ಎತ್ತಿಡಿ.

ಕೂರಿಸುವಾಗ ರೆಕ್ಕೆಯ ಮುಖ ನೋಡಿಕೊಳ್ಳಿ. ಹಿಂದುಮುಂದಾಗಿ ಹಾಕಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಆದರೆ ಬಹಳ ಕಡಿಮೆ. ಅದಕ್ಕೇ ತಪ್ಪು ಬೇಗ ಗೊತ್ತಾಗುವುದಿಲ್ಲ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಗ್ಗಬೇಕು. ಎಂಜಿನ್ ಶುರು ಮಾಡಿ, ಕಾರಿನ ಮುಂದೆ ಗ್ರಿಲ್ಲಿನ ಹೊರಗಡೆ ಒಂದು ಹಾಳೆ ನ್ಯೂಸ್ ಪೇಪರ್ ಹಿಡಿದು ಕೈ ಬಿಡಿ. ಹಾಳೆ ಜಾರದೆ ಗ್ರಿಲ್ಲಿಗೆ ಅಂಟಿ ನಿಂತರೆ ಫ್ಯಾನ್ ಸರಿಯಾಗಿ ಎಳೆಯುತ್ತಿದೆ. ಹಾಗೇ ಕಾಲು ಗಂಟೆ ಓಡಲು ಬಿಟ್ಟು ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಬಿಸಿ ಇರುವಾಗ ಕ್ಯಾಪ್ ಮಾತ್ರ ತೆಗೆಯಬೇಡಿ.