ಸತ್ಯಪರೀಕ್ಷೆಯ ಯಂತ್ರ ಮತ್ತು ಪ್ರಭುತ್ವ: ಅಮೆರಿಕದ ಇಂಧನ ಇಲಾಖೆಯ ಪಾಲಿಗ್ರಾಫ್ ವಿವಾದ

ಆಡಿದ ಮಾತು ದಿಟವೋ ಸಟೆಯೋ ಎಂಬುದನ್ನು ಆಡಿದವನ ದೇಹದಿಂದಲೇ ತಿಳಿಯಬಹುದೆಂಬ ನಂಬಿಕೆ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಕಳವಿನ ಶಂಕೆಯಿದ್ದಾಗ ಅಕ್ಕಿಯನ್ನು ಜಗಿಸಿ ಉಗುಳಿಸುವ ತಂಡುಲ ದಿವ್ಯವೂ ಧರ್ಮಶಾಸ್ತ್ರ ಪರಂಪರೆಯಲ್ಲಿ ಉಂಟು. ಅಂಜಿದವನ ಬಾಯಿ ಒಣಗುತ್ತದೆಂಬ ಅನುಭವಜ್ಞಾನ ಅದರ ಹಿಂದಿರಬಹುದು. ಆದರೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು ದೊರೆಯದಿದ್ದಾಗ ಮಾತ್ರ ದಿವ್ಯಕ್ಕೆ ಅವಕಾಶವೆಂದು ಸ್ಮೃತಿಕಾರರು ವಿಧಿಸಿರುವುದು ಗಮನಾರ್ಹ. ಯಾವ ಆರೋಪವೂ ಇಲ್ಲದ ಸಾವಿರಾರು ಜನರನ್ನು ದಿವ್ಯಕ್ಕೆ ಒಡ್ಡುವ ಕಲ್ಪನೆ ಅವರಿಗಿರಲಿಲ್ಲ. ಅಂತಹ ಪ್ರಯತ್ನ ನಡೆದದ್ದು ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ.

ಪಾಲಿಗ್ರಾಫ್ ಅಥವಾ ಸುಳ್ಳುಪತ್ತೆ ಯಂತ್ರವು ವಾಸ್ತವವಾಗಿ ಸುಳ್ಳನ್ನು ಅಳೆಯುವುದಿಲ್ಲ. ಉಸಿರಾಟ, ರಕ್ತದೊತ್ತಡ, ನಾಡಿಬಡಿತ, ಚರ್ಮದ ಬೆವರು ಇವುಗಳ ಏರಿಳಿತವನ್ನಷ್ಟೇ ದಾಖಲಿಸುತ್ತದೆ. ಅದರಿಂದ ಸುಳ್ಳನ್ನು ಊಹಿಸುವವನು ಪರೀಕ್ಷಕ. 1921ರಲ್ಲಿ ಬರ್ಕ್ಲಿಯ ಪೊಲೀಸ್ ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ಈ ಯಂತ್ರದ ಆರಂಭಿಕ ರೂಪವನ್ನು ಬಳಕೆಗೆ ತಂದನು. ರಕ್ತದೊತ್ತಡದಿಂದ ಸುಳ್ಳನ್ನು ಗುರುತಿಸುವ ವಿಧಾನವನ್ನು ಪ್ರತಿಪಾದಿಸಿದ ವಿಲಿಯಂ ಮಾರ್ಸ್ಟನ್ನನ ಪರೀಕ್ಷೆಯನ್ನು 1923ರ ಫ್ರೈ ಪ್ರಕರಣದಲ್ಲಿ ನ್ಯಾಯಾಲಯವು ಸಾಕ್ಷ್ಯವಾಗಿ ಒಪ್ಪಲಿಲ್ಲ. ಇದೇ ಮಾರ್ಸ್ಟನ್ ಮುಂದೆ 'ವಂಡರ್ ವುಮನ್' ಎಂಬ ಚಿತ್ರಕಥೆಯ ನಾಯಕಿಯನ್ನು ಸೃಷ್ಟಿಸಿದನು. ಆಕೆಯ ಪಾಶಕ್ಕೆ ಸಿಲುಕಿದವರು ಸತ್ಯವನ್ನೇ ನುಡಿಯಬೇಕಾಗುತ್ತದೆ ಎಂಬುದು ಜಾನಪದ ಅಭ್ಯಾಸಿಗಳಿಗೆ ಕುತೂಹಲಕರವಾಗಿ ತೋರದಿರದು.

1988ರ ಕಾಯಿದೆಯೊಂದು ಖಾಸಗಿ ಮಾಲೀಕರು ನೌಕರರ ಮೇಲೆ ಈ ಪರೀಕ್ಷೆ ನಡೆಸುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ಆದರೆ ಸರ್ಕಾರವು ತನ್ನನ್ನು ಈ ನಿಷೇಧದಿಂದ ಹೊರಗಿರಿಸಿಕೊಂಡಿತು. ಸರ್ಕಾರದೊಳಗೇ ಪ್ರತಿರೋಧ ಇರಲಿಲ್ಲವೆಂದಲ್ಲ. 1985ರಲ್ಲಿ ಅಧ್ಯಕ್ಷ ರೇಗನ್ ಅವರು ಪರೀಕ್ಷೆಯನ್ನು ವಿಸ್ತರಿಸಲು ಹೊರಟಾಗ, ತಮ್ಮನ್ನು ನಂಬದ ಸರ್ಕಾರದಲ್ಲಿ ತಾವು ಇರುವುದಿಲ್ಲವೆಂದು ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಶುಲ್ಟ್ಸ್ ಬಹಿರಂಗವಾಗಿ ಸಾರಿದರು. ಶ್ವೇತಭವನವು ಹಿಂದೆ ಸರಿಯಿತು. ಅಂತಹ ಮಾತನ್ನಾಡುವ ಸ್ಥಾನಬಲ ಸಾಮಾನ್ಯ ನೌಕರನಿಗೆ ಇಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿವಾದವು ತೀವ್ರಗೊಂಡದ್ದು ಅಣ್ವಸ್ತ್ರ ಪ್ರಯೋಗಾಲಯಗಳ ಹೊಣೆ ಹೊತ್ತ ಇಂಧನ ಇಲಾಖೆಯಲ್ಲಿ. ಲಾಸ್ ಅಲಮೋಸ್ ಪ್ರಯೋಗಾಲಯದ ವಿಜ್ಞಾನಿ ವೆನ್ ಹೋ ಲೀ ಅವರ ಮೇಲೆ ಗೂಢಚಾರಿಕೆಯ ಶಂಕೆ ಮೂಡಿದಾಗ, 1998ರ ಡಿಸೆಂಬರಿನಲ್ಲಿ ಇಲಾಖೆಯ ಪರೀಕ್ಷಕರು ಅವರನ್ನು ಪಾಲಿಗ್ರಾಫಿಗೆ ಒಳಪಡಿಸಿ ಸತ್ಯವಂತರೆಂದು ತೀರ್ಮಾನಿಸಿದರು. ಅದೇ ದಾಖಲೆಯನ್ನು ಬಳಿಕ ಪರಿಶೀಲಿಸಿದ ಎಫ್‌ಬಿಐ ಆ ತೀರ್ಮಾನವನ್ನು ಒಪ್ಪಲಿಲ್ಲ. ಗೆರೆಗಳು ಒಂದೇ, ಓದು ಎರಡು. ಗೂಢಚಾರಿಕೆಯ ಆರೋಪ ಕೊನೆಗೂ ರುಜುವಾತಾಗಲಿಲ್ಲ. ರಹಸ್ಯ ಮಾಹಿತಿಯನ್ನು ನಿಯಮಬಾಹಿರವಾಗಿ ಇರಿಸಿಕೊಂಡ ಒಂದು ಆರೋಪವನ್ನು ಅವರು 2000ದಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ, 1999ರ ಅಂತ್ಯಕ್ಕೆ ಇಲಾಖೆಯು ಪಾಲಿಗ್ರಾಫ್ ನಿಯಮಾವಳಿಯನ್ನು ಹೊರಡಿಸಿಯಾಗಿತ್ತು. ಮುಂದೆ ಸಂಸತ್ತು ಅದನ್ನು ವಿಸ್ತರಿಸಿದ್ದರಿಂದ ಅದರ ವ್ಯಾಪ್ತಿ ಸುಮಾರು 20,000 ಹುದ್ದೆಗಳಿಗೆ ಮುಟ್ಟಬಹುದಾಗಿತ್ತು. ಮಾಪನವನ್ನೇ ವೃತ್ತಿಯಾಗಿಸಿಕೊಂಡ ವಿಜ್ಞಾನಿಗಳು ಈ ಮಾಪನವನ್ನು ನಂಬಲಿಲ್ಲ. ಸಾರ್ವಜನಿಕ ವಿಚಾರಣೆಗಳಲ್ಲಿ ತಮ್ಮ ವಿರೋಧವನ್ನು ದಾಖಲಿಸಿದರು.

ಇಲಾಖೆಯ ಕೋರಿಕೆಯ ಮೇರೆಗೆ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಸಂಖ್ಯಾಶಾಸ್ತ್ರಜ್ಞ ಸ್ಟೀಫನ್ ಫೀನ್‌ಬರ್ಗ್ ಅವರ ನೇತೃತ್ವದಲ್ಲಿ ಅಧ್ಯಯನ ನಡೆಸಿ 2002ರ ಅಕ್ಟೋಬರಿನಲ್ಲಿ ವರದಿ ನೀಡಿತು. ಅದರ ಒಂದು ಲೆಕ್ಕ ಹೀಗಿದೆ. 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆಂದು ಭಾವಿಸಿದರೆ, ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆಯನ್ನು ನಿಗದಿಪಡಿಸಿದಾಗ ಸುಮಾರು 1,600 ನಿರಪರಾಧಿಗಳೂ ಸಿಲುಕುತ್ತಾರೆ. ಸಿಲುಕುವ ನಿರಪರಾಧಿಗಳ ಸಂಖ್ಯೆಯನ್ನು ಸುಮಾರು 40ಕ್ಕೆ ಇಳಿಸಿದರೆ 8 ಗೂಢಚಾರರು ತಪ್ಪಿಸಿಕೊಳ್ಳುತ್ತಾರೆ. ನಿರ್ದಿಷ್ಟ ಘಟನೆಯೊಂದರ ತನಿಖೆಯಲ್ಲಿ ಯಂತ್ರವು ಬರಿಯ ಊಹೆಗಿಂತ ಸಾಕಷ್ಟು ಮೇಲು, ಪರಿಪೂರ್ಣತೆಗಿಂತ ಸಾಕಷ್ಟು ಕೆಳಗು ಎಂದು ವರದಿ ಒಪ್ಪಿತು. ಸಾಮೂಹಿಕ ಶೋಧನೆಗೆ ಅದು ನೆಚ್ಚತಕ್ಕದ್ದಲ್ಲವೆಂದಿತು. ಸಿಐಎಯಲ್ಲಿದ್ದುಕೊಂಡೇ ರಷ್ಯನ್ನರಿಗೆ ದುಡಿದ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರ ಪರೀಕ್ಷೆಗಳಲ್ಲಿ ಉತ್ತೀರ್ಣನಾಗಿ 1994ರವರೆಗೆ ಸಿಕ್ಕಿಬೀಳದಿದ್ದುದು ಇದಕ್ಕೆ ಪೂರಕವಾದ ನಿದರ್ಶನ.

ಇಷ್ಟಾದರೂ 2003ರ ಏಪ್ರಿಲಿನಲ್ಲಿ ಇಲಾಖೆಯು ಹಳೆಯ ನಿಯಮವನ್ನೇ ಮುಂದುವರಿಸುವ ಪ್ರಸ್ತಾವವನ್ನು ಪ್ರಕಟಿಸಿತು. ವಿರೋಧ ಬಲಿತಾಗ, ಅದೇ ಸೆಪ್ಟೆಂಬರಿನಲ್ಲಿ ಉಪಕಾರ್ಯದರ್ಶಿ ಕೈಲ್ ಮ್ಯಾಕ್‌ಸ್ಲಾರೊ ಅವರು ಪರೀಕ್ಷೆಯ ವ್ಯಾಪ್ತಿಯನ್ನು ಸುಮಾರು 4,500 ಮಂದಿಗೆ ಇಳಿಸುವುದಾಗಿ ಸೆನೆಟ್ ಸಮಿತಿಯ ಮುಂದೆ ತಿಳಿಸಿದರು. 2006ರ ಅಂತಿಮ ನಿಯಮವು ಸಾರಾಸಗಟು ಶೋಧನೆಯನ್ನು ಕೈಬಿಟ್ಟು, ನಿರ್ದಿಷ್ಟ ಕಾರಣವಿದ್ದಾಗ ನಡೆಸುವ ಪರೀಕ್ಷೆಗೂ ಸೀಮಿತ ಯಾದೃಚ್ಛಿಕ ಪರೀಕ್ಷೆಗೂ ಅವಕಾಶವಿತ್ತಿತು. ಮಿತಾಕ್ಷರಾ ಹಾಕಿದ ಮಿತಿಗೆ ಇಲಾಖೆಯು ಏಳು ವರ್ಷಗಳ ಜಗ್ಗಾಟದ ಬಳಿಕ ಹತ್ತಿರ ಬಂದಿತೆನ್ನಬಹುದು.

ನಿಖರವಲ್ಲದ ಯಂತ್ರವನ್ನು ಪ್ರಭುತ್ವವು ಬಿಡದಿರುವುದೇಕೆ? ಹಲವು ನಾಡುಗಳಲ್ಲಿ ಪ್ರಚಲಿತವಿರುವ ಕಥೆಯೊಂದು ಇಲ್ಲಿ ನೆರವಾಗುತ್ತದೆ. ಕಳ್ಳನು ಬಾಲ ಹಿಡಿದರೆ ಕತ್ತೆ ಅರಚುತ್ತದೆಂದು ಜಾಣನೊಬ್ಬ ಸಾರಿ, ಬಾಲಕ್ಕೆ ಮಸಿ ಬಳಿದು, ಶಂಕಿತರನ್ನು ಒಬ್ಬೊಬ್ಬರಾಗಿ ಕತ್ತಲ ಕೋಣೆಗೆ ಕಳುಹಿಸುತ್ತಾನೆ. ಅಂಜಿ ಬಾಲ ಮುಟ್ಟದವನ ಕೈ ಶುಭ್ರವಾಗಿರುತ್ತದೆ, ಅವನೇ ಕಳ್ಳ. ಇಲ್ಲಿ ಫಲ ಕೊಟ್ಟದ್ದು ಕತ್ತೆಯಲ್ಲ, ಕತ್ತೆಯ ಮೇಲಣ ನಂಬಿಕೆ. ಯಂತ್ರದ ಭಯದಿಂದ ಜನರು ತಪ್ಪೊಪ್ಪಿಕೊಳ್ಳುವುದನ್ನೂ ತಪ್ಪಿಗೆ ಹಿಂಜರಿಯುವುದನ್ನೂ 2002ರ ವರದಿ ಗುರುತಿಸಿದೆ. ಆದರೆ ಬಾಲದ ಮಸಿಯ ಗುಟ್ಟು ತರಬೇತಾದ ಗೂಢಚಾರನಿಗೆ ಮೊದಲೇ ತಿಳಿದಿರುತ್ತದೆ. ತಿಳಿಯದೆ ಬೆವರುವವನು ಪ್ರಾಮಾಣಿಕ ನೌಕರ.

ಕರ್ನಾಟಕದಿಂದಲೇ ಹೆಸರು ಪಡೆದ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಯಾರನ್ನೂ ಬಲವಂತದಿಂದ ಮಂಪರು, ಪಾಲಿಗ್ರಾಫ್ ಅಥವಾ ಮೆದುಳು ಪರೀಕ್ಷೆಗೆ ಒಳಪಡಿಸಕೂಡದೆಂದು ತೀರ್ಪಿತ್ತಿತು. ಸ್ವಂತ ಒಪ್ಪಿಗೆಯಿದ್ದರೆ, ರಕ್ಷಣಾ ನಿಯಮಗಳೊಡನೆ, ಅಡ್ಡಿಯಿಲ್ಲ. ಅಮೆರಿಕದ ನೌಕರನೂ ಒಪ್ಪಿಗೆಪತ್ರಕ್ಕೆ ಸಹಿ ಹಾಕಿಯೇ ಯಂತ್ರದ ಮುಂದೆ ಕೂರುತ್ತಾನೆ. ಸಹಿ ಹಾಕದಿದ್ದರೆ ಆ ಹುದ್ದೆ ಅವನಿಗೆ ದೊರೆಯದೆ ಹೋಗಬಹುದು.